ಹೈಡ್ರೋಪೋನಿಕ್ಸ್ ಗಿಡದ ಬುಡ ಕೊಳೆಯುತ್ತಿದೆಯಾ? ಮೊದಲು ಎಲ್ಲಿಂದ ಶುರುವಾಗಿದೆ ನೋಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ಗೃಹಪ್ರವೇಶಕ್ಕೆಂದು ಎರಡು ದಿನ ಊರಿಗೆ ಹೋಗಿದ್ದೆ. ಬೆಂಗಳೂರಿಗೆ ವಾಪಸ್ ಬಂದು ಟೆರೇಸ್ ಹತ್ತಿದರೆ, ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲೇ ಬೆಳೆಸುವ ಹೈಡ್ರೋಪೋನಿಕ್ಸ್ ಪೈಪಿನಲ್ಲಿದ್ದ ಲೆಟ್ಯೂಸ್ ಗಿಡಗಳೆಲ್ಲ ಸಂಜೆ ಸಂತೆಯಲ್ಲಿ ಉಳಿದ ಕೊತ್ತಂಬರಿ ಕಟ್ಟಿನ ಹಾಗೆ ಮಲಗಿದ್ದವು. ನೀರು ಕಡಿಮೆಯಾಯಿತೇನೋ ಅಂದುಕೊಂಡು ಟ್ಯಾಂಕ್ ತುಂಬಿಸಿದೆ. ಅದೂ ಸಾಲದು ಅಂತ ಪೋಷಕಾಂಶದ ದ್ರಾವಣವನ್ನು ಸ್ವಲ್ಪ ಜಾಸ್ತಿಯೇ ಹಾಕಿದೆ. ಮಾರನೇ ದಿನ ಒಂದು ಗಿಡ ಹಿಡಿದು ಎತ್ತಿದರೆ ಮೇಲಿನ ಭಾಗ ಮಾತ್ರ ಕೈಗೆ ಬಂತು. ಬುಡ, ಗಿಡ ಕೂರಿಸುವ ತೂತುತೂತಿನ ಪುಟ್ಟ ಕುಂಡವಾದ ನೆಟ್ ಪಾಟ್‌ನಲ್ಲೇ ಉಳಿಯಿತು. ಮುಟ್ಟಿದರೆ ಬೆಂದ ಬದನೆಕಾಯಿಯ ಹಾಗೆ ಮೆತ್ತಗೆ. ಮೂಗಿನ ಹತ್ತಿರ ಹಿಡಿದರೆ ಚರಂಡಿ ವಾಸನೆ.

ಗಿಡ ಬಾಡಿದ್ದು ನೀರಿಲ್ಲದೆ ಅಲ್ಲ. ನೀರು ಬೇಕಾದಷ್ಟಿತ್ತು, ಅದನ್ನು ಹೀರುವ ಬೇರು ಸತ್ತುಹೋಗಿತ್ತು. ಅವತ್ತು ಮಧ್ಯಾಹ್ನ ಟ್ಯಾಂಕಿಗೆ ಥರ್ಮಾಮೀಟರ್ ಇಳಿಸಿ ನೋಡಿದರೆ 31 ಡಿಗ್ರಿ! ಮುಕ್ಕಾಲು ಕಥೆ ಅಲ್ಲೇ ಗೊತ್ತಾಯಿತು.

ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಟೆರೇಸಿನಲ್ಲೋ ಬಾಲ್ಕನಿಯಲ್ಲೋ ಪೈಪ್, ಬಕೆಟ್, ಟಬ್ ಇಟ್ಟುಕೊಂಡು ಸೊಪ್ಪು, ತುಳಸಿ, ಟೊಮೆಟೊ ಬೆಳೆಯುವವರಿಗೆ ಇದು. ಔಷಧಿ ಯಾವುದು ಅಂತ ಹುಡುಕೋಕೆ ಮುಂಚೆ, ಕೊಳೆ ಗಿಡದ ಯಾವ ಎತ್ತರದಲ್ಲಿ ಶುರುವಾಗಿದೆ ಅಂತ ನೋಡಿ. ಬೇರಿನಿಂದ ಮೇಲಕ್ಕೆ ಹತ್ತಿದೆಯಾ, ನೆಟ್ ಪಾಟ್‌ನ ಬಾಯಿ ಹತ್ತಿರ ಶುರುವಾಗಿದೆಯಾ, ಇಲ್ಲ ಕಾಂಡದ ನಡುವೆಯಾ? ಈ ಮೂರಕ್ಕೂ ಕಾರಣ ಬೇರೆ, ಮಾಡಬೇಕಾದ ಕೆಲಸವೂ ಬೇರೆ.

ಹೆಜ್ಜೆ 1: ಗಿಡ ಎತ್ತಿ, ಮೂಸಿ, ಎಳೆದು ನೋಡಿ

ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವ ಗಿಡವೇ ಮೊದಲ ಸುಳಿವು. ಟ್ಯಾಂಕಲ್ಲಿ ನೀರಿದ್ದೂ ಎರಡು ದಿನ ಹೀಗಾದರೆ ಸುಮ್ನೆ ನೋಡುತ್ತಾ ಕೂರಬೇಡಿ. ನೆಟ್ ಪಾಟ್ ಸಮೇತ ಎತ್ತಿ ಬಿಳಿ ತಟ್ಟೆಯ ಮೇಲೋ ಹಳೇ ಪೇಪರಿನ ಮೇಲೋ ಇಡಿ.

ಮೊದಲು ವಾಸನೆ. ಚೆನ್ನಾಗಿರುವ ಬೇರಿಗೆ ವಾಸನೆಯೇ ಇರುವುದಿಲ್ಲ, ಇದ್ದರೂ ಹಸಿ ಸೊಪ್ಪಿನ ಘಮ. ನಿಂತ ನೀರಿನ ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಕೊಳೆತ ಆಲೂಗಡ್ಡೆಯ ಹಾಗೆ ಮೂಗು ಮುಚ್ಚಿಕೊಳ್ಳುವಂತಿದ್ದು, ಕಾಂಡ ಲೋಳೆಯಾಗಿದ್ದರೆ ಅದು ಹೆಚ್ಚಾಗಿ ಬ್ಯಾಕ್ಟೀರಿಯಾದ ಕೆಲಸ.

ಆಮೇಲೆ ಬಣ್ಣ. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಬೇರು ಕಂದು ಆದ ಮಾತ್ರಕ್ಕೆ ಕೊಳೆತಿದೆ ಅಂತಲ್ಲ. ಕಬ್ಬಿಣದ ಅಂಶ, ಕಡಲಪಾಚಿ ದ್ರಾವಣ, ಹ್ಯೂಮಿಕ್ ಆಮ್ಲದ ಗೊಬ್ಬರ ಇವೆಲ್ಲ ಬೇರಿಗೆ ಚಹಾದ ಬಣ್ಣ ಹಿಡಿಸುತ್ತವೆ. ಅದಕ್ಕೇ ಎಳೆದು ನೋಡಬೇಕು. ಒಂದು ಬೇರನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಕೆಳಕ್ಕೆ ಜಾರಿಸಿ. ಬರೀ ಬಣ್ಣ ಹಿಡಿದ ಬೇರು ಗಟ್ಟಿಯಾಗಿ ನಿಲ್ಲುತ್ತದೆ. ಕೊಳೆತಿದ್ದರೆ ಮೇಲಿನ ಸಿಪ್ಪೆ ಕಾಲುಚೀಲ ಬಿಚ್ಚಿದ ಹಾಗೆ ಬೆರಳಿಗೆ ಬರುತ್ತದೆ, ಒಳಗಿನ ಬಿಳಿ ದಾರ ಮಾತ್ರ ಉಳಿಯುತ್ತದೆ. ಹಾಗೆ ಜಾರಿತು ಅಂದರೆ ಅನುಮಾನವೇ ಬೇಡ.

ಕೊನೆಗೆ ಕಾಂಡ. ಬುಡವನ್ನು ಬೆರಳಲ್ಲಿ ಒತ್ತಿ, ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರೋ ಬಿಳಿಯೋ ಇದ್ದರೆ ರೋಗ ಇನ್ನೂ ಹೊರಗೇ ಇದೆ. ಒಂದು ಗಿಡವನ್ನು ಬಲಿ ಕೊಟ್ಟು, ಬ್ಲೇಡಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 2: ಕೊಳೆ ಎಲ್ಲಿಂದ ಹೊರಟಿದೆ?

*ಕೆಳಗಿನಿಂದ ಮೇಲಕ್ಕೆ ಹತ್ತಿದ್ದರೆ.* ಬೇರಿನ ತುದಿ ಮೊದಲು ಹೋಗಿ, ಆಮೇಲೆ ಬುಡ ನೀರು ತುಂಬಿಕೊಂಡ ಹಾಗೆ ಕಂದಾಗಿ ಮೆತ್ತಗಾಗಿದ್ದರೆ ಹೆಚ್ಚಾಗಿ ಪಿಥಿಯಂ ಅನ್ನುವ ಸೂಕ್ಷ್ಮಜೀವಿ. ನೋಡೋಕೆ ಬೂಷ್ಟಿನ ಹಾಗಿದ್ದರೂ ಇದು ನಿಜವಾದ ಬೂಷ್ಟಲ್ಲ, ಪಾಚಿಗಳ ದೂರದ ನೆಂಟ. ಇದರ ಬೀಜಕಣಗಳಿಗೆ ಎರಡು ಪುಟ್ಟ ಬಾಲ ಇರುತ್ತವೆ, ನೀರಿನಲ್ಲಿ ಈಜಿಕೊಂಡು ಬೇರು ಹುಡುಕಿಕೊಂಡು ಹೋಗುತ್ತವೆ. ಒಂದೇ ನೀರು ಎಲ್ಲ ಗಿಡಗಳಿಗೂ ಸುತ್ತುವ ನಮ್ಮ ವ್ಯವಸ್ಥೆ ಅದಕ್ಕೆ ಹೆದ್ದಾರಿ ಇದ್ದ ಹಾಗೆ.

ಮಲೆನಾಡಿನವರಿಗೆ ಇದು ಹೊಸ ಶತ್ರು ಏನಲ್ಲ. ಶುಂಠಿ ಗಡ್ಡೆಯನ್ನು ಕೊಳೆಸೋದು ಇದೇ ಪಿಥಿಯಂ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ತರುವ ಫೈಟಾಫ್ತೊರಾ ಇದರ ದಾಯಾದಿ. 1910ರಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ರೋಗದ ಬಗ್ಗೆ ಬರೆದಾಗ ನಮ್ಮ ‘ಕೊಳೆರೋಗ’ ಅನ್ನುವ ಹೆಸರನ್ನೇ ಇಟ್ಟುಕೊಂಡರು. ಈಗಲೂ ಇಂಗ್ಲಿಷ್ ಪುಸ್ತಕಗಳಲ್ಲಿ ಅದೇ ಹೆಸರಿದೆ. ಮಳೆಗಾಲದ ತೋಟದಲ್ಲಿ ಆಗೋದು ನಮ್ಮ ಪೈಪಿನೊಳಗೆ ಬಿರುಬೇಸಿಗೆಯಲ್ಲೂ ಆಗುತ್ತದೆ, ಅಷ್ಟೇ ವ್ಯತ್ಯಾಸ.

*ನೆಟ್ ಪಾಟ್‌ನ ಬಾಯಿ ಹತ್ತಿರ ಶುರುವಾಗಿದ್ದರೆ.* ಬೇರು ಬೆಳ್ಳಗೆ ಚೆನ್ನಾಗಿದೆ, ಬುಡ ಮಾತ್ರ ಸೊರಗಿ ದಾರದ ಹಾಗಾಗಿದೆ. ಇಲ್ಲಿ ತಪ್ಪು ನೀರಿನದ್ದಲ್ಲ, ಬುಡದ ಸುತ್ತಲಿನ ಒದ್ದೆಯದ್ದು. ಸ್ಪಂಜೋ ಕೋಕೋಪೀಟೋ ಯಾವಾಗಲೂ ತೊಟ್ಟಿಕ್ಕುವಷ್ಟು ನೆನೆದಿರುತ್ತದೆ, ಅಥವಾ ಸಸಿಯನ್ನು ತೀರಾ ಆಳಕ್ಕೆ ಕೂರಿಸಿರುತ್ತೀರಿ. ಒಣಗಿದ, ಒಳಕ್ಕೆ ತಗ್ಗಿದ, ಕೆಂಪುಗಂದು ಗಾಯ ಇದ್ದರೆ ರೈಝೋಕ್ಟೋನಿಯಾ ಅನ್ನುವ ಬೂಷ್ಟು ಇರಬಹುದು. ಬಿಳಿ ಎಳೆಗಳ ನಡುವೆ ಸಾಸಿವೆ ಕಾಳಿನಂಥ ದುಂಡನೆ ಕಂದು ಉಂಡೆಗಳು ಕಂಡರೆ ಸ್ಕ್ಲೆರೋಶಿಯಂ. ಕಡಲೆಕಾಯಿ ಬೆಳೆಯುವವರು ಇದನ್ನು ನೋಡಿಯೇ ಇರುತ್ತಾರೆ, ಇದಕ್ಕೆ ಸೆಖೆ ಇಷ್ಟ. ಹತ್ತಿಯಂಥ ಬಿಳಿ ಬೂಷ್ಟು, ಅದರಲ್ಲಿ ಇಲಿ ಹಿಕ್ಕೆಯಂಥ ಕಪ್ಪು ಚೂರುಗಳು ಇದ್ದರೆ ಸ್ಕ್ಲೆರೋಟಿನಿಯಾ. ಅದು ಚಳಿಗಾಲದ ಗಿರಾಕಿ, ಲೆಟ್ಯೂಸ್ ಅಂದರೆ ಪ್ರಾಣ.

*ಕಾಂಡದ ನಡುವೆ ಶುರುವಾಗಿದ್ದರೆ.* ಹತ್ತಿರದಲ್ಲಿ ಒಂದು ಗಾಯ ಇದ್ದೇ ಇರುತ್ತದೆ. ಕುಡಿ ಚಿವುಟಿದ ಜಾಗ, ದಾರ ಕಟ್ಟಿ ಉಜ್ಜಿದ ಜಾಗ, ಇಲ್ಲ ಕೊಳೆತ ಎಲೆ ಅಂಟಿಕೊಂಡ ಜಾಗ. ತಟ್ಟಿದರೆ ಬೂದು ಪುಡಿ ಹಾರಿದರೆ ಅದು ಬೊಟ್ರೈಟಿಸ್ ಬೂಷ್ಟು. ಗಾಳಿಯಾಡದ ಪಾಲಿಹೌಸ್‌ನಲ್ಲಿ ಇದರ ಕಾಟ ಜಾಸ್ತಿ.

ಇನ್ನೊಂದು ಇದೆ. ಹೊರಗೆ ಏನೂ ಕಾಣುವುದಿಲ್ಲ, ಆದರೆ ಟೊಮೆಟೊ ಗಿಡ ಹಸಿರಾಗಿರುವಾಗಲೇ ಕುಸಿಯುತ್ತದೆ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ. ಆಗ ಲೋಟದ ಪರೀಕ್ಷೆ ಮಾಡಿ. ಬುಡದ ಹತ್ತಿರದ ತುಂಡನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಇಳಿಯದಿದ್ದರೆ ಫ್ಯುಸೇರಿಯಂ ಬೂಷ್ಟಿನ ಮೇಲೆ ಅನುಮಾನ. ಎರಡಕ್ಕೂ ಮನೆಯಲ್ಲಿ ಮದ್ದಿಲ್ಲ, ಗಿಡ ಕಿತ್ತು ಬಿಸಾಕಬೇಕು.

ಕೊಳೆಯೇ ಅಲ್ಲದ ಕೊಳೆ

ಗಾಬರಿಯಾಗೋ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಬುಡದ ಸುತ್ತ ಬಿಳಿ ಉಪ್ಪಿನ ಉಂಗುರ ಇದ್ದರೆ, ದ್ರಾವಣ ಮೇಲೆ ಹತ್ತಿ ಆರಿ, ಲವಣ ಚರ್ಮವನ್ನು ಸುಟ್ಟಿದೆ. ಇಸಿ, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ, ಜಾಸ್ತಿಯಾಗಿರಬಹುದು. ಬಿಸಿಲಿಗೆ ಕಾದ ಸುಟ್ಟಮಣ್ಣಿನ ಕ್ಲೇ ಬಾಲ್‌ಗಳೂ, ನೆಟ್ ಪಾಟ್‌ನ ಚೂಪು ಅಂಚೂ ಇಂಥದ್ದೇ ಗಾಯ ಮಾಡುತ್ತವೆ. ಇನ್ನು ಟೊಮೆಟೊ ಕಾಂಡದ ಬುಡದಲ್ಲಿ ಬಿಳಿ ಗುಳ್ಳೆ ಗುಳ್ಳೆ ಎದ್ದಿದ್ದರೆ ಅದು ರೋಗವಲ್ಲ, ಹೊಸ ಬೇರಿನ ಮೊಳಕೆ. ಪಕ್ಕದ ಮನೆಯ ಆಂಟಿ ಒಮ್ಮೆ ಇದನ್ನೇ ಕಜ್ಜಿ ಅಂದುಕೊಂಡು ಬೇವಿನ ಎಣ್ಣೆ ಹಚ್ಚಿಟ್ಟಿದ್ದರು.

ಹೆಜ್ಜೆ 3: ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು

ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಬುಡ ಮೆತ್ತಗಾದ ಲೆಟ್ಯೂಸ್, ಪಾಲಕ್ ಉಳಿಯುವುದಿಲ್ಲ. ಒಂದು ತಿಂಗಳ ಬೆಳೆಗೋಸ್ಕರ ಇಡೀ ಪೈಪನ್ನು ಪಣಕ್ಕಿಡಬೇಡಿ. ಕವರಿಗೆ ಹಾಕಿ ಕಟ್ಟಿ ಕಸಕ್ಕೆ ಕೊಡಿ. ಟೆರೇಸಿನ ಕಾಂಪೋಸ್ಟ್ ಡಬ್ಬಿಗೆ ಹಾಕಲೇಬೇಡಿ. ಟ್ಯಾಂಕಿನ ನೀರನ್ನೂ ಕುಂಡದ ಗಿಡಗಳಿಗೆ ಹುಯ್ಯದೆ ಚರಂಡಿಗೇ ಬಿಡಿ.

ಟೊಮೆಟೊ, ಇಟಾಲಿಯನ್ ತುಳಸಿ, ಪುದಿನಕ್ಕೆ ಇನ್ನೊಂದು ದಾರಿ ಇದೆ. ಕೊಳೆ ಮುಟ್ಟದ ಮೇಲಿನ ಕುಡಿಯನ್ನು ಕತ್ತರಿಸಿ, ಕತ್ತರಿಸಿದ ಮುಖ ನೋಡಿ. ಅಲ್ಲಿ ಕಂದು ಚುಕ್ಕೆಯಿದ್ದರೆ ಇನ್ನೂ ಮೇಲೆ ಕತ್ತರಿಸಿ. ಒಂದೊಂದು ಸಲವೂ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲದಿದ್ದರೆ ರೋಗವನ್ನು ನೀವೇ ಮೇಲಕ್ಕೆ ಒಯ್ದಂತೆ. ಕೆಳಗಿನ ಎಲೆ ತೆಗೆದು, ಹೊಸ ನೀರಿನ ಲೋಟದಲ್ಲಿ ನೆರಳಲ್ಲಿಡಿ. ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ವಾರ, ಹತ್ತು ದಿನದಲ್ಲಿ ಬೇರು ಬರುತ್ತದೆ. ಕಾಂಡದೊಳಗೆ ಕಂದು ಗೆರೆ ಕಂಡ ಗಿಡದಿಂದ ಮಾತ್ರ ಕುಡಿ ತೆಗೆಯಬೇಡಿ.

ಅಕ್ಕಪಕ್ಕದ ಗಿಡಗಳ ಬೇರಿನ ತುದಿ ಮಾತ್ರ ಕಂದಾಗಿದ್ದು ಬುಡ ಗಟ್ಟಿಯಿದ್ದರೆ ಪ್ರಯತ್ನ ಮಾಡಬಹುದು. ಕೊಳೆತ ಬೇರನ್ನು ನಲ್ಲಿ ನೀರಿನಲ್ಲಿ ತೊಳೆದು ಕತ್ತರಿಸಿ. ಹೊಸ ನೀರಿಗೆ ಎಂದಿನ ಅರ್ಧದಷ್ಟು ಪೋಷಕಾಂಶ ಹಾಕಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ 6 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಲೀಟರಿಗೆ 1ರಿಂದ 1.5 ಎಂ.ಎಲ್. ಹಾಕಬಹುದು. ಅದರ ಜೋರು ಒಂದೆರಡು ದಿನಕ್ಕೆ ಮುಗಿಯುತ್ತದೆ. ಸತ್ತ ಬೇರನ್ನು ಅದು ಬದುಕಿಸುವುದಿಲ್ಲ, ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಬಿಡುವುದಿಲ್ಲ. ಕಾರ್ಖಾನೆಗೆ ಬಳಸುವ ಗಾಢ ಪೆರಾಕ್ಸೈಡ್ ತಂದು ಅಂದಾಜಿಗೆ ಹುಯ್ಯುವವರೂ ಇದ್ದಾರೆ. ಕೈ ಸುಟ್ಟುಕೊಳ್ಳುತ್ತೀರಿ, ಬೇರೂ ಸುಡುತ್ತದೆ.

ಜೀವಾಮೃತ, ಮಜ್ಜಿಗೆ, ಅರಿಶಿನ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮಣ್ಣಿನಲ್ಲಿ ಜೀವಾಮೃತಕ್ಕೆ ಅದರದ್ದೇ ಜಾಗ ಇದೆ, ನಾನೂ ಕುಂಡಗಳಿಗೆ ಹಾಕುತ್ತೇನೆ. ಆದರೆ ಸುತ್ತುವ ನೀರಿಗೆ ಬೆಲ್ಲ, ಸಗಣಿ, ಹಿಟ್ಟು ಬಿದ್ದರೆ ಬ್ಯಾಕ್ಟೀರಿಯಾ ಹಬ್ಬ ಮಾಡಿ, ಇದ್ದ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಬೇರು ಉಸಿರುಗಟ್ಟಿ ಸಾಯುತ್ತದೆ. ಅರಿಶಿನದ ಪುಡಿ ಪಂಪಿನಲ್ಲಿ ಕೂರುತ್ತದೆ. ತಾಮ್ರ ಇರುವ ಬೋರ್ಡೋ ದ್ರಾವಣ ಅಡಿಕೆ ಗೊನೆಗೆ ಸರಿ, ಟ್ಯಾಂಕಿಗಲ್ಲ. ನಮ್ಮ ನೀರಿನಲ್ಲಿ ತಾಮ್ರ ಸ್ವಲ್ಪ ಜಾಸ್ತಿಯಾದರೂ ಬೇರಿಗೆ ವಿಷ. ಶುಂಠಿಗೆ ಹೇಳುವ ಮೆಟಲಾಕ್ಸಿಲ್‌ನಂಥ ಔಷಧಿಯನ್ನೂ ತಿನ್ನುವ ಸೊಪ್ಪಿನ ನೀರಿಗೆ ಹಾಕಬೇಡಿ. ಗಿಡ ಅದನ್ನು ಹೀರಿ ಎಲೆಗೇ ಕಳಿಸುತ್ತದೆ.

ಹೆಜ್ಜೆ 4: ಪೈಪು, ಟ್ಯಾಂಕು ತೊಳೆಯೋದು

ಮೊದಲು ಬ್ರಷ್ ಹಾಕಿ ಉಜ್ಜಿ. ಪಾಚಿ, ಲೋಳೆ, ಬೇರಿನ ಚೂರು ಉಳಿದಿದ್ದರೆ ಬ್ಲೀಚ್ ಅದರ ಮೇಲೇ ಖರ್ಚಾಗಿ ಹೋಗುತ್ತದೆ. ಆಮೇಲೆ ಮನೆ ಬಳಕೆಯ ದ್ರವ ಬ್ಲೀಚ್ 1 ಪಾಲು, ನೀರು 9 ಪಾಲು ಬೆರೆಸಿ ಅರ್ಧ ಗಂಟೆ ನೆನೆಯಲು ಬಿಡಿ. ನೆಟ್ ಪಾಟ್, ಪಂಪಿನ ಬಿಡಿಭಾಗ, ಟ್ಯೂಬ್ ಎಲ್ಲವೂ ಅದರಲ್ಲೇ ಮುಳುಗಲಿ. ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್, ಹಳೇ ಸ್ಪಂಜು, ಕೋಕೋಪೀಟ್ ಮಾತ್ರ ಎಸೆದುಬಿಡಿ. ಅದರ ಸಣ್ಣ ತೂತುಗಳೊಳಗೆ ಏನೇನಿದೆ ಅಂತ ಯಾರಿಗೂ ಕಾಣುವುದಿಲ್ಲ. ಎರಡು ಸಲ ಚೆನ್ನಾಗಿ ತೊಳೆದು ಒಂದು ದಿನ ಬಿಸಿಲಿಗೆ ಒಣಗಿಸಿ.

ಒಂದು ಎಚ್ಚರಿಕೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಇಳಿಸುವ ಆಸಿಡ್ ಬಾಟಲಿಯನ್ನು ಬ್ಲೀಚ್ ಹತ್ತಿರವೇ ತರಬೇಡಿ. ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ಪೆರಾಕ್ಸೈಡನ್ನೂ ಬ್ಲೀಚಿಗೆ ಬೆರೆಸಬೇಡಿ. ಕೈಗವಸು ಹಾಕಿಕೊಂಡು, ಬಾತ್‌ರೂಮಿನೊಳಗಲ್ಲ, ಬಯಲಲ್ಲಿ ಮಾಡಿ.

ಹೆಜ್ಜೆ 5: ಮತ್ತೆ ಬರದ ಹಾಗೆ

ನೀರಿನ ಬಿಸಿಯೇ ಮೊದಲ ವಿಷಯ. ಬೇರಿಗೆ 18ರಿಂದ 22 ಡಿಗ್ರಿ ಹಿತ. 25 ದಾಟಿದರೆ ಕಣ್ಣಿಡಬೇಕು. 30ರ ಹತ್ತಿರ ಹೋದರೆ ಎರಡು ಕಡೆಯಿಂದ ಹೊಡೆತ. ಬಿಸಿ ನೀರಿನಲ್ಲಿ ಪಿಥಿಯಂ ಬೇಗ ಹಬ್ಬುತ್ತದೆ, ಅದೇ ಹೊತ್ತಿಗೆ ನೀರು ಆಮ್ಲಜನಕ ಹಿಡಿದಿಟ್ಟುಕೊಳ್ಳುವುದೂ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ನಮಗೆ ಅದಕ್ಕಿಂತ ಹತ್ತರಲ್ಲಿ ಒಂದು ಪಾಲು ಇನ್ನೂ ಕಡಿಮೆ. ಅದಕ್ಕೇ ಇಲ್ಲಿನ ಹವಾ ತಂಪು ಅಂತ ಏರ್ ಪಂಪ್ ವಿಷಯದಲ್ಲಿ ಜಿಪುಣತನ ಮಾಡಬಾರದು.

ಟ್ಯಾಂಕನ್ನು ಮೆಟ್ಟಿಲ ಕೆಳಗೋ ಓವರ್‌ಹೆಡ್ ಟ್ಯಾಂಕಿನ ನೆರಳಿಗೋ ಸರಿಸಿ. ಹೊರಗೆ ಬಿಳಿ ಬಣ್ಣ ಬಳಿಯಿರಿ, ಆದರೆ ಒಳಗೆ ಬೆಳಕು ಹೋಗಬಾರದು. ಬೆಳಕು ಹೋದರೆ ಪಾಚಿ ಬರುತ್ತದೆ. ನಾನು ಬೇಸಿಗೆಯಲ್ಲಿ ಎರಡು ಲೀಟರಿನ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ 40 ಲೀಟರಿನ ಟ್ಯಾಂಕಿಗೆ ಮುಚ್ಚಳ ಸಮೇತ ಇಳಿಸುತ್ತೇನೆ. ಲೆಕ್ಕದ ಪ್ರಕಾರ ಒಂದು ಬಾಟಲಿ ಐದಾರು ಡಿಗ್ರಿ ಇಳಿಸಬೇಕು. ಬಿಸಿಲು ಸುಮ್ಮನಿರುವುದಿಲ್ಲವಲ್ಲ, ಕೈಗೆ ಸಿಗೋದು ಮೂರೇ. ಆ ಮೂರೇ ಸಾಕಾಗುತ್ತದೆ.

ಕರೆಂಟ್ ಹೋದಾಗಿನ ವ್ಯವಸ್ಥೆ ಮೊದಲೇ ಇರಲಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲದಿದ್ದರೆ ಪಂಪ್ ನಿಂತಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹತ್ತಿ ಪಂಪಿನೊಳಗೆ ಹೋಗುತ್ತದೆ. ಮೀನಿನ ತೊಟ್ಟಿಗೆ ಬಳಸುವ ಬ್ಯಾಟರಿ ಪಂಪ್ ಒಂದು ಇಟ್ಟುಕೊಂಡರೆ ಒಳ್ಳೆಯದು. ಅದೂ ಇಲ್ಲವಾ? ಮಗ್ಗಿನಲ್ಲಿ ನೀರು ಮೊಗೆದು ಎರಡಡಿ ಮೇಲಿನಿಂದ, ಚಹಾ ಆರಿಸುವ ಹಾಗೆ, ಹತ್ತು ಸಲ ಸುರಿಯಿರಿ. ಅರ್ಧ ಗಂಟೆಗೊಮ್ಮೆ ಹೀಗೆ ಮಾಡಿ.

ಬುಡ ಒಣಗಿರಲಿ. ಟಬ್ಬಿನಲ್ಲಿ ಬೆಳೆಯುವವರು ಸಸಿ ಚಿಕ್ಕದಿದ್ದಾಗ ನೀರು ನೆಟ್ ಪಾಟ್‌ನ ತಳ ಮುಟ್ಟುವಷ್ಟು ಇಡಿ. ಬೇರು ಕೆಳಗಿಳಿದ ಮೇಲೆ ಮಟ್ಟವನ್ನು ಒಂದಿಂಚು ಇಳಿಸಿ. ಆ ಒಂದಿಂಚಿನ ಜಾಗದಲ್ಲಿ ಬೇರು ಗಾಳಿ ಕುಡಿಯುತ್ತದೆ. ಹನಿ ನೀರಾವರಿಯಿದ್ದರೆ ಹನಿ ಬೀಳುವ ಜಾಗ ಕಾಂಡದಿಂದ ಮೂರು ಬೆರಳು ದೂರ ಇರಲಿ. ಪೈಪಿಗೆ 30ರಿಂದ 40 ಅಡಿಗೆ ಒಂದು ಅಡಿ ಲೆಕ್ಕದಲ್ಲಿ ಇಳಿಜಾರು ಕೊಡಿ. ನನ್ನ ಪೈಪ್ ನಡುವೆ ಸ್ವಲ್ಪ ಜಗ್ಗಿ ಎರಡು ತೂತಿನ ಕೆಳಗೆ ನೀರು ನಿಲ್ಲುತ್ತಿತ್ತು. ಆ ಎರಡು ಗಿಡಗಳೇ ಪ್ರತಿ ಸಲ ಮೊದಲು ಸಾಯುತ್ತಿದ್ದವು. ನಡುವೆ ಒಂದು ಇಟ್ಟಿಗೆ ಕೊಟ್ಟ ಮೇಲೆ ಸರಿಹೋಯಿತು.

ರೋಗ ಒಳಗೆ ಬರುವ ಬಾಗಿಲುಗಳು ಕೆಲವೇ. ಮಣ್ಣಿನ ಕೈ, ಮುಚ್ಚಳವಿಲ್ಲದ ಸಂಪು, ಹೊರಗಿನಿಂದ ತಂದ ಸಸಿ. ನರ್ಸರಿಯಿಂದ ತಂದ ಸಸಿಯನ್ನು ವಾರವಾದರೂ ಬೇರೆ ಬಕೆಟ್‌ನಲ್ಲಿಟ್ಟು ನೋಡಿ. ಒದ್ದೆ ಕೋಕೋಪೀಟ್ ಮೇಲೆ ಹಾರುವ ಪುಟ್ಟ ಕಪ್ಪು ನೊಣಗಳೂ ಪಿಥಿಯಂ ಹೊತ್ತು ತರುತ್ತವೆ. ಹಳದಿ ಅಂಟು ಹಾಳೆ ಒಂದೆರಡು ತೂಗುಹಾಕಿ. ಟ್ಯಾಂಕಿನ ನೀರನ್ನು ಎರಡು ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಪಿಎಚ್ 5.5ರಿಂದ 6.5, ಲೆಟ್ಯೂಸ್‌ಗೆ ಇಸಿ 1.2ರ ಆಸುಪಾಸು ಇದ್ದರೆ ಸಾಕು.

ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಎಂಬ ರೋಗ ತಡೆಯುವ ಒಳ್ಳೆಯ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ, ಆದರೆ ರೋಗ ಬರೋ ಮುಂಚೆ. ಸಸಿ ಹಂತದಲ್ಲೇ ಬೇರಿಗೆ ಮುಟ್ಟಿಸಬೇಕು. ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಟಾಲ್ಕ್ ಪುಡಿಯಲ್ಲಿ ಬೆರೆಸಿದ್ದು. ಅದನ್ನು ನೇರ ಹಾಕಿದರೆ ಪಂಪ್ ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ ಪಂಚೆ ಬಟ್ಟೆಯಲ್ಲಿ ಸೋಸಿ ಹಾಕಿ, ಇಲ್ಲ ದ್ರವರೂಪದ್ದೇ ಕೇಳಿ ತನ್ನಿ. ಪೆರಾಕ್ಸೈಡ್ ಹಾಕಿದ ವಾರದಲ್ಲೇ ಇದನ್ನೂ ಹಾಕಿದರೆ ದುಡ್ಡು ದಂಡ.

ಏನು ಮಾಡಿದರೂ ಮತ್ತೆ ಮತ್ತೆ ಬರುತ್ತಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡ ಒಯ್ಯಿರಿ. ಪೂರ್ತಿ ಸತ್ತದ್ದು ಬೇಡ, ಅರ್ಧ ಬಾಡಿದ್ದು ಬೇಕು, ಬೇರು ಸಮೇತ. ಒಣ ನ್ಯೂಸ್‌ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆಯಾಗಿ ಒಯ್ದರೆ ದಾರಿಯಲ್ಲೇ ಬೇರೆ ಕೊಳೆ ಹತ್ತಿ, ಅಸಲಿ ರೋಗ ಯಾವುದೆಂದು ಅವರಿಗೂ ಗೊತ್ತಾಗುವುದಿಲ್ಲ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ, ಬುಡ ಕೊಳೆತ ಲೆಟ್ಯೂಸ್‌ನ ಮೇಲಿನ ಎಲೆ ತಿನ್ನಬಹುದಾ? ಪಿಥಿಯಂನಂಥ ಬೇರು ಕೊಳೆ ಮಾತ್ರ ಆಗಿದ್ದು, ಎಲೆ ಗರಿಗರಿಯಾಗಿದ್ದರೆ ಚೆನ್ನಾಗಿ ತೊಳೆದು ತಿನ್ನಬಹುದು, ನಾವೂ ತಿಂದಿದ್ದೇವೆ. ಲೋಳೆಯಾದದ್ದು, ವಾಸನೆ ಬಂದದ್ದು, ಬೂಷ್ಟು ಕಂಡದ್ದು ಬೇಡ. ಆ ನೀರಿಗೆ ಯಾವುದಾದರೂ ಔಷಧಿ ಹಾಕಿದ್ದರಂತೂ ಒಂದೆಲೆಯನ್ನೂ ಬಾಯಿಗೆ ಹಾಕಬೇಡಿ.